ಮದುವೆ ಕ್ಯಾಸೆಟ್ಟಿನ ಕತ್ತಲು

ಬ್ಯಾಡಗಿಯಲ್ಲಿ ಬಸ್ಸಿನಿಂದ ಇಳಿದ ಹೊರಗಿನವರು ಮೊದಲು ಸೀನುತ್ತಾರೆ, ಆಮೇಲೆ ಮಾತಾಡುತ್ತಾರೆ. ಮೆಣಸಿನಕಾಯಿ ಸುಗ್ಗಿಯಲ್ಲಂತೂ ಪೇಟೆ ದಾಟುವಷ್ಟರಲ್ಲಿ ಅವರ ಕಣ್ಣು ಮೂಗು ಎರಡೂ ಸೋರುತ್ತಿರುತ್ತವೆ. ನಾವು ಹಾಗಲ್ಲ. ನಾನು ಬೆಳೆದದ್ದೇ ಚೀಲಗಳ ನಡುವೆ. ಅಪ್ಪನದು ದಲಾಲಿ ಅಂಗಡಿ, ಮನೆಯ ಪಡಸಾಲೆಯ ಅರ್ಧಭಾಗ ಆ ಅಂಗಡಿಯ ಗೋದಾಮು. ಮದುವೆಯಾಗಿ ರಾಣೆಬೆನ್ನೂರಿಗೆ ಹೋದ ಮೇಲೂ ನನ್ನ ಮೂಗು ನಾಜೂಕಾಗಿಲ್ಲ. ಅಪ್ಪನಂತೂ ಘಾಟಿಗೆ ಸೀನಿದವನೇ ಅಲ್ಲ. ವ್ಯಾಪಾರಕ್ಕೆ ಬಂದವರು ಮೂಗಿಗೆ ಕರವಸ್ತ್ರ ಹಿಡಿದು ಬಾಗಿಲ ಹೊರಗೇ ನಿಂತರೆ, "ಒಳಗ ಬರ್ರಿ, ಇದೇನು ಕಡಿಯಾಂಗಿಲ್ಲ" ಎಂದು ನಗುತ್ತಿದ್ದ.

ಈ ಸಲ ವರ್ಷದ ಖಾರಕ್ಕೆ ಮೆಣಸಿನಕಾಯಿ ತರಲೆಂದು ನಾನೂ ನನ್ನ ಗಂಡನೂ ತವರಿಗೆ ಹೋಗಿದ್ದೆವು. ಅಪ್ಪ ಈಗಿಲ್ಲ. ಮನೆ ನೋಡಿಕೊಳ್ಳುವವನು ಕಾಕಾ, ಅಪ್ಪನ ತಮ್ಮ. ಪಡಸಾಲೆಗೆ ಕಾಲಿಟ್ಟ ಕೂಡಲೇ ಹೊಸ ಮೆಣಸಿನಕಾಯಿಯ ವಾಸನೆ, ಅದರ ಜೊತೆಗೆ ಮೂಲೆಯಲ್ಲಿದ್ದ, ಎಳೆದು ಮುಚ್ಚುವ ಬಾಗಿಲಿನ ಹಳೆಯ ಟಿವಿ ಪೆಟ್ಟಿಗೆಯ ಕಟ್ಟಿಗೆ ವಾಸನೆ. ಎರಡೂ ಕೂಡಿ ಮೂಗಿಗೆ ಬಡಿದವು ನೋಡಿ, ನಾನು ಬಿ.ಎ. ಕೊನೆಯ ವರ್ಷ ಓದುತ್ತಿದ್ದಾಗಿನ ಆ ಸುಗ್ಗಿ ಕಣ್ಣ ಮುಂದೆ ಬಂದು ನಿಂತಿತು.

ತೊಂಬತ್ತರ ಆಸುಪಾಸಿನ ಮಾತು. ಮೊದಲೇ ಹೇಳಿಬಿಡುತ್ತೇನೆ, ನಮ್ಮದು ಸಂಶಯದ ಮನೆತನ. ಹಾಲು ಬಂದರೆ ಬೆರಳು ಅದ್ದಿ ನೋಡುವವರು, ಟಪಾಲು ಬಂದರೆ ಒಡೆಯುವ ಮೊದಲು ಬಿಸಿಲಿಗೆ ಹಿಡಿದು ನೋಡುವವರು. ಅಂಥ ಮನೆಗೆ ಟಿವಿ ಬಂದರೆ ಏನಾಗಬೇಕು? ಸಂಶಯಕ್ಕೆ ಸಾಲೆ ತೆರೆದಂತಾಯಿತು. ಅಪ್ಪನ ತಾಯಿ, ನಾವು ಆಯಿ ಎನ್ನುತ್ತಿದ್ದವಳು, ದೇವರ ಸೀರಿಯಲ್ಲಿಗೆ ಕೈಮುಗಿದು ಕೂಡುತ್ತಿದ್ದಳು. ಆದರೆ ರಾಕ್ಷಸರ ಮೇಲೇ ಅವಳ ಕಣ್ಣು. "ನೋಡ್ರೇ, ಸನ್ಯಾಸಿ ವೇಷಾ ಹಾಕ್ಯಾನ, ಗುರ್ತಾ ಹಿಡೀರಿ" ಎಂದು ನಮಗೆ ಎಚ್ಚರಿಕೆ ಕೊಡುತ್ತಿದ್ದಳು. ಅವ್ವನಿಗೆ ಸಂಸಾರದ ಕಣ್ಣೀರಿನ ಕಥೆಗಳೇ ಬೇಕು. ಸೊಸೆಗೆ ವಿಷ ಹಾಕುವ ಅತ್ತೆ, ಎರಡನೆಯ ಸಂಸಾರ ಮುಚ್ಚಿಟ್ಟ ಗಂಡ, ಇವರನ್ನು ಅವಳು ಅಡುಗೆಮನೆ ಬಾಗಿಲಲ್ಲಿ ನಿಂತೇ ಪತ್ತೆ ಮಾಡುತ್ತಿದ್ದಳು. ಕಾಕಾನದು ಪತ್ತೇದಾರಿ, ಹೊಡೆದಾಟ. ಕೊಲೆ ಆಗುವ ಮೊದಲೇ ಕೊಲೆಗಾರನ ಹೆಸರು ಹೇಳಿ ಎಲ್ಲರ ಬಾಯಿಂದ ಬೈಸಿಕೊಳ್ಳುತ್ತಿದ್ದ.

ಅದಕ್ಕೇ ಆದಿತ್ಯವಾರ ವಿಸಿಪಿ ಬಾಡಿಗೆಗೆ ತಂದರೆ ಮೂರು ಥರದ ಕ್ಯಾಸೆಟ್ಟು ಇರಲೇಬೇಕು. ಬೆಳಿಗ್ಗೆ ದೇವರು, ಊಟ ಆದ ಮೇಲೆ ಕಣ್ಣೀರು, ಇಳಿಹೊತ್ತಿಗೆ ಹೊಡೆದಾಟ. ನಡುವೆ ಕರೆಂಟು ಹೋದರೆ ಯಾರೂ ಏಳುತ್ತಿರಲಿಲ್ಲ. ಮುಂದೆ ಏನಾಗುತ್ತದೆ ಎಂದು ಜಗಳ ಆಡುತ್ತ ಅಲ್ಲೇ ಕೂತಿರುತ್ತಿದ್ದೆವು. ಅಪ್ಪ ಒಬ್ಬನೇ ನೋಡುತ್ತಿರಲಿಲ್ಲ. ಟಿವಿಗೆ ಬೆನ್ನು ಹಾಕಿ, ಹೊಸ್ತಿಲ ಬೆಳಕಿನಲ್ಲಿ ಕೂತು, ಪರಾತದಲ್ಲಿ ಮೆಣಸಿನಕಾಯಿ ಸ್ಯಾಂಪಲ್ ಹರಡಿಕೊಂಡು ಒಂದೊಂದನ್ನೇ ಮುರಿದು ನೋಡುತ್ತಿದ್ದ. "ಬಲ್ಬಿನ ಬುಡಕ ಎಲ್ಲಾ ಕಾಯೀನೂ ಕೆಂಪಗಽ ಕಾಣತಾವು" ಎನ್ನುತ್ತಿದ್ದ. ಟಿವಿಯ ಬಗ್ಗೆಯೂ ಅವನ ಅಭಿಪ್ರಾಯ ಅದೇ ಇದ್ದಿರಬೇಕು.

ಆಗ ನಮ್ಮ ಕಡೆ ಒಂದು ಹೊಸ ರೂಢಿ ಬಿದ್ದಿತ್ತು. ಸಂಬಂಧದ ಮಾತು ಬಂದರೆ ಕನ್ಯಾ ನೋಡುವ ಮೊದಲು ಎದುರಿನವರ ಮನೆಯ ಯಾವುದಾದರೂ ಮದುವೆಯ ವಿಡಿಯೋ ಕ್ಯಾಸೆಟ್ಟನ್ನು ಮಧ್ಯಸ್ಥರ ಕೈಯಿಂದ ತರಿಸಿ ನೋಡುವುದು. ಹಿಂದಕ್ಕೆ ತಿರುಗಿಸಿ, ನಿಲ್ಲಿಸಿ, ಮತ್ತೆ ತಿರುಗಿಸಿ ಇಡೀ ಮನೆತನವನ್ನೇ ಜರಡಿ ಹಿಡಿಯುವುದು. ನನಗೆ ಬಂದಿದ್ದ ಒಂದು ಸಂಬಂಧ ಹೀಗೇ ಬಿದ್ದುಹೋಗಿತ್ತು. ಹುಡುಗನ ಸೋದರಮಾವ ಊಟದ ಸಾಲಿನಲ್ಲಿ ಬಡಿಸುವವನ ಕಪಾಳಕ್ಕೆ ಹೊಡೆದದ್ದು ಕ್ಯಾಸೆಟ್ಟಿನಲ್ಲಿತ್ತು. ಇನ್ನೊಂದರಲ್ಲಿ, ಅಕ್ಕಿಕಾಳು ಬೀಳುವ ಮುಹೂರ್ತದ ಹೊತ್ತಿಗೆ ಹುಡುಗನ ಅಕ್ಕನ ಕೊರಳಲ್ಲಿದ್ದ ಸರ ಊಟದ ಹೊತ್ತಿಗೆ ತಂಗಿಯ ಕೊರಳಲ್ಲಿತ್ತು. ಅದನ್ನು ಹಿಡಿದವಳು ಅವ್ವ. ಆ ದಿನ ಅವಳು ಗೆದ್ದ ಖುಷಿಗೆ ಹೋಳಿಗೆ ಮಾಡಿದಳು, ನನ್ನ ಸಂಬಂಧ ಮುರಿದ ಖುಷಿಗೆ ಹೋಳಿಗೆ! ನಾನೂ ತಿಂದೆ ಎನ್ನಿ.

ಮೂರನೆಯದು ರಾಣೆಬೆನ್ನೂರಿನ ಬೀಜದಂಗಡಿಯವರ ಮನೆಯದು. ತಂದವನು ಹಲಗೇರಿ ಮಾವ, ಅವ್ವನ ದೂರದ ಅಣ್ಣ. ಹುಡುಗನ ಅಣ್ಣನ ಮದುವೆ ಹಲಗೇರಿಯಲ್ಲೇ ಆಗಿತ್ತು, ಅದರ ಕ್ಯಾಸೆಟ್ಟನ್ನು ಟವೆಲಿನಲ್ಲಿ ಸುತ್ತಿ ತಂದು ಅವ್ವನ ಕೈಗಿಟ್ಟ. "ಹುಡುಗ ಬಂಗಾರ ಅದಾನವ್ವಾ. ನೋಡ್ರಿ, ಆಮ್ಯಾಲೆ ಹೇಳ್ರಿ."

ನೋಡಿದೆವು. ಸುರುವಿನಲ್ಲೇ, ಫೋಟೋದಲ್ಲಿ ನೋಡಿದ್ದ ಹುಡುಗ ಕಂಡ. ಬಿಳಿ ಅಂಗಿ, ತೋಳು ಮಡಚಿದ್ದ. ಹಂದರದ ಬಾಗಿಲಲ್ಲಿ ಒಬ್ಬ ಮುದುಕಿಯ ಕೈ ಹಿಡಿದು ಕುರ್ಚಿಗೆ ಕೂರಿಸಿ, ಅವಳ ಚಪ್ಪಲಿಯನ್ನು ತಾನೇ ಬಗ್ಗಿ ಪಕ್ಕಕ್ಕೆ ಸರಿಸಿಟ್ಟ. ಈಗೇಕೆ ಸುಳ್ಳು, ಅಲ್ಲೇ ಇಷ್ಟವಾಗಿಬಿಟ್ಟ. ಆದರೆ ಅಷ್ಟೇ. ಆಮೇಲೆ ಹುಡುಗ ಇಲ್ಲವೇ ಇಲ್ಲ! ಅರಿಶಿಣದಲ್ಲಿ ಇಲ್ಲ, ತಾಳಿ ಕಟ್ಟುವಾಗ ಅಣ್ಣನ ಹಿಂದೆ ಇಲ್ಲ, ಊಟದ ಸಾಲಿನಲ್ಲಿ ಇಲ್ಲ. ಸ್ವಂತ ಅಣ್ಣನ ಮದುವೆಯಲ್ಲಿ ತಮ್ಮ ನಾಪತ್ತೆ.

"ಎಲ್ಲಿ ಹೋಗ್ಯಾನ ಇಂವಾ?" ಕಾಕಾ ಗುಂಡಿ ಒತ್ತಿ ನಿಲ್ಲಿಸಿದ. ತೆರೆಯ ಮೇಲೆ ಬಿಳಿ ಗೆರೆಗಳು ನಡುಗಿದವು.

"ಮಾಯ ಆಗವರು ಇಬ್ಬರಽ" ಎಂದಳು ಆಯಿ. "ಇಲ್ಲಾ ದೇವರು, ಇಲ್ಲಾ ರಾಕ್ಷಸರು. ದೇವರೇನು ಬೀಜದಂಗಡಿ ಇಡಾಂಗಿಲ್ಲ."

ಅವ್ವ ಬೇರೊಂದು ಹಿಡಿದಳು. ಹಸಿರು ಸೀರೆಯ ಹೆಂಗಸೊಬ್ಬಳು ನಾಲ್ಕಾರು ಕಡೆ ಬರುತ್ತಾಳೆ. ಬಂದಾಗಲೆಲ್ಲ ನೇರ ನಮ್ಮ ಕಡೆ, ಅಂದರೆ ಕ್ಯಾಮೆರಾದ ಮಗ್ಗುಲಿಗೆ ನೋಡಿ ನಗುತ್ತಾಳೆ, ಕೈ ಬೀಸಿ ಬಾ ಬಾ ಎನ್ನುತ್ತಾಳೆ, ಒಮ್ಮೆಯಂತೂ ಬೆರಳು ತೋರಿಸಿ ಬೆದರಿಸುತ್ತಾಳೆ. "ಯಾರನ್ನ ಕರೀತಾಳ ಈಕಿ? ಇಷ್ಟು ಸಲಿಗಿ ಯಾರ ಕೂಡ?" ಎಂದು ಅವ್ವ ಸೌಟು ಹಿಡಿದೇ ಒಳಗೆ ಬಂದಳು. ಕಣ್ಣೀರಿನ ಸಿನಿಮಾಗಳ ಹಸಿರು ಸೀರೆಗಳನ್ನೆಲ್ಲ ಅವಳು ಬಲ್ಲಳು.

ಕೊನೆಯ ಹತ್ತಿರ ಮನೆಯವರೆಲ್ಲ ಸಾಲಾಗಿ ನಿಂತದ್ದಿತ್ತು. ಅಲ್ಲಿ ಹುಡುಗ ಮತ್ತೆ ಹಾಜರು. ಬಿಳಿ ಅಂಗಿ ಬೆವರಿನಲ್ಲಿ ತೊಯ್ದು ತೊಪ್ಪೆ, ಕೂದಲು ಹಣೆಗೆ ಅಂಟಿದೆ, ಕಣ್ಣು ಕೆಂಪಗೆ ಕೆಂಡ. ಕಾಕಾ ಅವ್ವನ ಕಡೆ ತಿರುಗಿ ಚಪ್ಪಾಳೆ ತಟ್ಟಿದ. "ಮುಗೀತು ಬಿಡ್ರಿ ವೈನಿ. ಹುಡುಗ ಕುಡದಾನ. ಇಡೀ ದಿನಾ ಎಲ್ಲೋ ಹಿತ್ತಲದಾಗ ಕುಂತು ಕುಡದಾನ!"

ಅದೂ ಸಾಲದು ಎನ್ನುವಂತೆ ಹೆಣ್ಣು ಒಪ್ಪಿಸಿ ಕೊಡುವ ಹೊತ್ತು ಬಂತು. ಮದುಮಗಳ ತಂದೆ ಮಗಳ ಕೈಯನ್ನು ಬೀಗರ ಕೈಯಲ್ಲಿಟ್ಟ, ಬಾಯಿ ತೆರೆದ, ಅಷ್ಟರಲ್ಲಿ ತೆರೆ ಕಪ್ಪಾಯಿತು. ಕ್ಯಾಸೆಟ್ಟು ಓಡುತ್ತಿದೆ, ದನಿ ಬರುತ್ತಿದೆ, ಬೆಳಕು ಮಾತ್ರ ನೆಲದ ಮೇಲೆ. ನಾಲ್ಕಾರು ಜೋಡಿ ಕಾಲು, ಚೆಲ್ಲಿದ ಅಕ್ಕಿಕಾಳು. ಯಾರೋ ಗಂಡಸು ಎಳೆ ಮಗುವಿನ ಹಾಗೆ ಅಳುವ ದನಿ. "ಲೈಟ್! ಲೈಟ್!" ಎಂದು ಯಾರೋ ಕೂಗಿದ್ದು. ಬೆಳಕು ಮೇಲೆ ಬಂದಾಗ ಮದುಮಗಳು ಆಗಲೇ ಗಾಡಿಯಲ್ಲಿದ್ದಳು.

ಏನು ನಡೆಯಿತು ಆ ಕತ್ತಲಲ್ಲಿ? ವರದಕ್ಷಿಣೆಯ ಜಗಳವೇ? ತಂದೆಗೆ ಯಾರಾದರೂ ಕೈ ಮಾಡಿದರೇ? ಇದ್ದದ್ದನ್ನು ಮುಚ್ಚಲೆಂದೇ ಲೈಟು ಆರಿಸಿದರೇ?

ಆಗ ಅಪ್ಪ ತಿರುಗಿದ. ಅಷ್ಟು ವರ್ಷದಲ್ಲಿ ಮೊದಲ ಸಲ ಪರಾತ ಬದಿಗಿಟ್ಟು, ಟಿವಿ ಕಡೆ ಮುಖ ಮಾಡಿ, "ಅದನ್ನ ಇನ್ನೊಮ್ಮೆ ಹಚ್ಚು" ಎಂದ. ಕಾಕಾ ತಿರುಗಿಸಿ ಹಚ್ಚಿದ. ಅಪ್ಪ ಆ ಕಪ್ಪು ತೆರೆಯನ್ನು ನೋಡಿದ, ಅಳುವನ್ನು ಕೇಳಿದ. ಏನೂ ಹೇಳದೆ ಹೆಗಲಿಗೆ ಟವೆಲ್ ಹಾಕಿಕೊಂಡು ಪೇಟೆಗೆ ಹೋಗಿಬಿಟ್ಟ. ಅಪ್ಪ ಮಾತಾಡದೆ ಎದ್ದನೆಂದರೆ ಬೇಡ ಅಂತಲೇ ಅರ್ಥ ಎಂದು ಅವ್ವ ತೀರ್ಮಾನಿಸಿದಳು.

ಮಾರನೆಯ ದಿನ ಹಲಗೇರಿ ಮಾವನನ್ನು ಕಾಕಾ ಸಾಕ್ಷಿದಾರನ ಹಾಗೆ ಕೂರಿಸಿ ಕೇಳಿದ. "ಹುಡುಗ ಎಲ್ಲಿದ್ದ ಆವತ್ತು?"

"ಅಲ್ಲೇ ಇದ್ದನಲ್ಲೋ. ಎಲ್ಲಾ ಕಡೆ ಇದ್ದ."

"ಎಲ್ಲಾ ಕಡೆ ಇದ್ದಂವ ಒಂದು ಕಡೇನೂ ಯಾಕ ಕಾಣವಲ್ಲ?"

"ನಾ ಅಡಗಿ ಕಡೆ ಇದ್ದೆ ತಮ್ಮಾ. ಬುಂದೇದ ಕಡಾಯಿ ಮುಂದ ನನಗೇನ ಗೊತ್ತಾಗಬೇಕು?" ಎಂದು ಮಾವ ತಡವರಿಸಿದ. ತಡವರಿಸಿದ್ದೇ ಸಾಕಾಯಿತು. ಮಾವನೂ ಅವರ ಕಡೆಯವನೇ ಎಂದು ಆಯಿ ಆಮೇಲೆ ಮೂಗು ಮುರಿದಳು. ಅಮಾವಾಸ್ಯೆ ಕಳೆದ ಮೇಲೆ ಒಲ್ಲೆ ಎಂದು ಹೇಳಿ ಕಳಿಸುವುದೆಂದಾಯಿತು.

ನನ್ನನ್ನು ಯಾರೂ ಕೇಳಲಿಲ್ಲ. ಚಪ್ಪಲಿ ಸರಿಸಿಟ್ಟ ಆ ಕೈ ಖರೇಯೋ, ಕೆಂಪಗಿದ್ದ ಆ ಕಣ್ಣು ಖರೇಯೋ? ಮನೆಯವರ ಮಾತನ್ನು ನಂಬಿ ಬಿಟ್ಟುಬಿಟ್ಟರೆ ಜೀವಮಾನವಿಡೀ ಕೊರೆಯುತ್ತದೆ. ನಂಬದೆ ಹಟ ಹಿಡಿದು ಆತ ಕುಡುಕನೇ ಆಗಿಬಿಟ್ಟರೆ? ಸಂಶಯದ ಮನೆಯ ಮಗಳು ನಾನು. ಈ ಸಲ ನಾನೇ ಪತ್ತೆ ಮಾಡುತ್ತೇನೆ ಎಂದುಕೊಂಡೆ.

ಕ್ಯಾಸೆಟ್ಟಿನ ಮೇಲೆ ಹಾವೇರಿಯ ಒಂದು ಸ್ಟುಡಿಯೋದ ಚೀಟಿ ಇತ್ತು. ನಾನು ಕಾಲೇಜಿಗೆ ದಿನಾ ರೈಲಿನಲ್ಲಿ ಹೋಗುತ್ತಿದ್ದದ್ದೂ ಹಾವೇರಿಗೇ. ಪರೀಕ್ಷೆಯ ಅರ್ಜಿಗೆ ಫೋಟೋ ಬೇಕೆಂಬ ನೆಪ ಕೈಯಲ್ಲಿತ್ತು. ಮಧ್ಯಾಹ್ನ ಸ್ಟುಡಿಯೋ ಹುಡುಕಿಕೊಂಡು ಹೋದೆ. ಮದುವೆಗಳ ವಿಡಿಯೋ ತೆಗೆಯುವ ಖಾದರಭಾಯಿ ಒಬ್ಬನೇ ಕೂತು ಒಂದು ಲೈಟಿನ ವೈರಿಗೆ ಟೇಪಿನ ಪಟ್ಟಿ ಸುತ್ತುತ್ತಿದ್ದ. ಮೋರೆ ಗಂಟು ಹಾಕಿಕೊಂಡಿದ್ದ. ನಾನು ಸುತ್ತುಬಳಸದೆ ಕೇಳಿದೆ, "ಹಲಗೇರಿ ಮದಿವಿ ಕ್ಯಾಸೆಟ್ನಾಗ ಹೆಣ್ಣ ಒಪ್ಪಿಸೋ ಮುಂದ ಯಾಕ ಕತ್ತಲಿ ಮಾಡೀರಿ?"

ಗಾಯಕ್ಕೆ ಕೈ ಹಾಕಿದಂತಾಯಿತು. "ನಾ ಮಾಡಿದ್ನೇನವಾ? ನನ್ನ ಹೆಸರು ಹಾಳ ಮಾಡಿದಂವಾ ಆ ಬೀಜದಂಗಡಿ ಹುಡುಗ!" ಎಂದು ಸುರು ಮಾಡಿದ. ಲೈಟು ಹಿಡಿಯುವ ಅವನ ಆಳಿಗೆ ಆ ದಿನ ಜ್ವರ ಬಂದಿತ್ತಂತೆ. ಫೋಕಸ್ ಲೈಟು ಬೆಂಕಿ ಇದ್ದ ಹಾಗೆ. ಹಿಡಿದವನಿಗೆ ಊಟವಿಲ್ಲ, ಕೂಡಲಿಕ್ಕಿಲ್ಲ, ಕ್ಯಾಮೆರಾ ಹೋದಲ್ಲಿ ಹೋಗಬೇಕು. ಹಲಗೇರಿಯ ಹುಡುಗರು ಯಾರೂ ಮುಟ್ಟಲಿಲ್ಲ. ಕೊನೆಗೆ ಮದುಮಗನ ತಮ್ಮನೇ ತೋಳು ಮಡಚಿ, "ಕೊಡ್ರಿಲ್ಲೆ" ಎಂದನಂತೆ. "ಬೀಗರ ಕಡೆ ಹುಡುಗ, ತಂಗಿ! ಮಾನಾ ಮರ್ಯಾದಿ ಮಾಡಿಸಿಗೊಂಡು ಕುಂದರಬೇಕಾದಂವಾ. ಮುಂಜಾನಿಂದ ಹಿಡದ. ಎಲ್ಲಾ ಛಲೋ ಹಿಡದ, ಮನೀಯವರ ಸಾಲಿನ್ಯಾಗ ನಿಲ್ಲೂ ಮುಂದ ಅಷ್ಟಽ ಕುರ್ಚಿ ಮ್ಯಾಲಿಟ್ಟಿದ್ದ. ಕಡೀಕ ಹೆಣ್ಣಿನ ಅಪ್ಪ ಅಳಾಕ ಹತ್ತಿದ, ಅದಽ ನೋಡು ಕ್ಯಾಸೆಟ್ನಾಗ ಮುಖ್ಯ, ಅದನ್ನ ನೋಡಿನಽ ಜನಾ ರೊಕ್ಕಾ ಕೊಡೂದು, ಲೈಟ್ ತಗೊಂಡು ನೆಲಕ್ಕ ಹಿಡದುಬಿಟ್ಟ! ಲೈಟ್ ಲೈಟ್ ಅಂತ ಒದರಿಕೊಂಡ್ನಿ. ಏನಂದ ಗೊತ್ತೈತೇನು? 'ಅವರು ಅಳಾಕತ್ತಾರ್ರಿ, ಮುಖದ ಮ್ಯಾಲೆ ಹೆಂಗ ಬಿಡ್ಲಿ' ಅಂದ."

ಅಲ್ಲೇ ನಂಬಿಬಿಡಬೇಕೆನ್ನಿಸಿತು. ಆದರೂ ನಮ್ಮ ಮನೆಯ ರಕ್ತ ಎಲ್ಲಿ ಬಿಡುತ್ತದೆ? ಇವನಿಗೂ ಯಾರೋ ಹೇಳಿಕೊಟ್ಟಿರಬಹುದು. "ಆ ಹಸರ ಸೀರಿ ಉಟ್ಟಾಕಿ ಯಾರು?" ಎಂದೆ.

"ಅವನ ಅಕ್ಕ. ಊಟಕ್ಕ ಬಾರೋ, ಊಟಕ್ಕ ಬಾರೋ ಅಂತ ಇಡೀ ದಿನಾ ಕೈ ಮಾಡಿ ಕರದಳು. ಇಂವಾ ಹೋಗಲೇ ಇಲ್ಲ."

"ಕಣ್ಣ ಯಾಕ ಅಷ್ಟು ಕೆಂಪಗ ಇದ್ದೂವು?"

ಖಾದರಭಾಯಿ ನನ್ನನ್ನು ಮೇಲಿಂದ ಕೆಳಗೆ ನೋಡಿದ. ಸುತ್ತುತ್ತಿದ್ದ ಪಟ್ಟಿ ಹರಿದು, ಆ ಲೈಟನ್ನು ನನ್ನ ಕೈಗೆ ಕೊಟ್ಟು, ಸ್ವಿಚ್ ಹಾಕಿದ. "ಹಿಡದು ನೋಡು."

ಹಿಡಿದೆ. ಒಂದು ಗಳಿಗೆಯಲ್ಲಿ ಮುಖ ಸುಟ್ಟಿತು, ಕುತ್ತಿಗೆಯಿಂದ ಬೆವರು ಇಳಿಯಿತು, ಕಣ್ಣಿಂದ ನೀರು ದಳದಳ. ಮೆಣಸಿನಕಾಯಿ ಘಾಟಿಗೂ ಅಳದ ಕಣ್ಣು ಅವು. ಸಾಕ್ರಿ ಸಾಕ್ರಿ ಎಂದು ಅವನ ಕೈಗೆ ಕೊಟ್ಟು, ಫೋಟೋ ತೆಗೆಸುವುದನ್ನೂ ಮರೆತು ಓಡಿದೆ. ರೈಲಿನಲ್ಲಿ ಕೂತ ಮೇಲೆ ಒಂದು ಮಾತು ಹೊಳೆಯಿತು: ಆ ಕ್ಯಾಸೆಟ್ಟಿನಲ್ಲಿ ನಾವು ಕಂಡದ್ದನ್ನೆಲ್ಲ ಕಂಡದ್ದು ಆ ಹುಡುಗ ಹಿಡಿದ ಬೆಳಕಿನಲ್ಲಿ. ಅವನನ್ನೇ ಹುಡುಕುತ್ತ ಕೂತಿದ್ದೆವು.

ಮನೆಯಲ್ಲಿ ಹೇಳಿದರೆ ನಂಬಬೇಕಲ್ಲ! "ಖಾದರನೂ ಅವರ ಕಡೇ ಮನಷ್ಯಾ" ಎಂದ ಕಾಕಾ. "ಬೀಗರ ಹುಡುಗ ಆಳಿನ ಕೆಲಸಾ ಮಾಡತಾನಂದ್ರ ಅದರಾಗೂ ಏನೋ ಐತಿ" ಎಂದಳು ಅವ್ವ. ಆಯಿ ಮಾತ್ರ, ಲೈಟು ಹಿಡಿದವನು ರಾಕ್ಷಸನಾಗಲಿಕ್ಕಿಲ್ಲ ಎಂದು ಸ್ವಲ್ಪ ಸಡಿಲಾದಳು. ಅಪ್ಪ ಹೊಸ್ತಿಲಲ್ಲಿ ಕೂತು ಕಾಯಿ ಮುರಿಯುತ್ತಲೇ, "ಹಲಗೇರಿಗೆ ಹೇಳಿ ಕಳಸ್ರಿ, ಕನ್ಯಾ ನೋಡಾಕ ಬರಲಿ" ಎಂದ.

"ನಂಬಿದೇನ ಅಣ್ಣಾ?"

"ನಂಬಾಕೇನು ಅವಸರ. ಹಗಲಾಗ ಬರಲಿ, ನೋಡೂಣು."

ಬಂದರು. ಬಂದವರು ಸುಮ್ಮನೆ ಬಂದಿರಲಿಲ್ಲ, ನನ್ನ ಸೋದರತ್ತೆ ಮಗಳ ಮದುವೆ ಕ್ಯಾಸೆಟ್ಟನ್ನು ಎಲ್ಲಿಂದಲೋ ತರಿಸಿ ನಮ್ಮನ್ನೂ ಜರಡಿ ಹಿಡಿದಿದ್ದರು. ಅದರಲ್ಲಿ ನಾನು ಪ್ರತಿ ಸಲ ಬಾಯಿಗೆ ಸೆರಗು ಹಿಡಿದು ನಕ್ಕಿದ್ದೆನಂತೆ. ಹಲ್ಲಿನಲ್ಲಿ ಏನೋ ದೋಷ ಇರಬೇಕೆಂದು ಅವರಿಗೆ ಸಂಶಯ. ಚಾ ಕೊಟ್ಟಾಗ ಹುಡುಗನ ತಾಯಿ, "ಸ್ವಲ್ಪ ನಗವಾ ತಂಗಿ" ಎಂದರು. ನಕ್ಕೆ. ಹುಡುಗನೂ ನಕ್ಕ. ಕಣ್ಣು ಬೆಳ್ಳಗೆ ನಿರ್ಮಲವಾಗಿದ್ದವು.

ಬೇಸಿಗೆಯಲ್ಲಿ ನಮ್ಮ ಮನೆಯಂಗಳದಲ್ಲೇ ಮದುವೆಯಾಯಿತು. ವಿಡಿಯೋಕ್ಕೆ ಖಾದರಭಾಯಿಯೇ ಬಂದ, ಲೈಟಿಗೆ ಗಟ್ಟಿ ಆಳೊಬ್ಬನನ್ನು ಕರೆದುಕೊಂಡೇ ಬಂದ. ಹೆಣ್ಣು ಒಪ್ಪಿಸುವಾಗ ನಾನು ತಲೆ ಎತ್ತಲಿಲ್ಲ, ಏನೂ ನೋಡಲಿಲ್ಲ. ಆಮೇಲೆ ಕ್ಯಾಸೆಟ್ಟು ನೋಡಿದರೆ ಅಲ್ಲಿಯೂ ಕತ್ತಲು! ಬೆಳಕು ನೆಲದಲ್ಲಿ. ನನ್ನ ಅರಿಶಿಣದ ಪಾದ, ಅಪ್ಪನ ಹೊಸ ಚಪ್ಪಲಿ. ಬಳೆಗಳ ಸಪ್ಪಳ, ಹೆಂಗಸರ ಅಳು, ಯಾರೋ ಮೇಲಿಂದ ಮೇಲೆ ಸೀನಿದ್ದು, "ಏನಿಲ್ಲ, ಘಾಟು, ಘಾಟು" ಎಂಬ ಅಪ್ಪನ ದನಿ. ಮುಖ ಮಾತ್ರ ಇಲ್ಲ.

ಆಗ ನಕ್ಕು ಬಿಟ್ಟಿದ್ದೆ. ಅಪ್ಪ ತೀರಿಕೊಂಡ ಮೇಲೆ ನಗು ಬರಲಿಲ್ಲ. ಫೋಟೋದಲ್ಲಿ ಅಪ್ಪ ಬಿಗಿದುಕೊಂಡು ಕೂತಿರುತ್ತಾನೆ. ನನಗಾಗಿ ಅವನ ಮುಖ ಕರಗಿದ್ದರೆ ಅದು ಆ ಗಳಿಗೆಯಲ್ಲಿ, ಆ ಗಳಿಗೆಯೇ ಕಪ್ಪು. ನನ್ನ ಸಂಶಯವೆಲ್ಲ ಗಂಡನ ಮೇಲೆ ಹೋಯಿತು. ದೊಡ್ಡ ಮನುಷ್ಯ! ತನ್ನದೇ ಸರಿಯೆಂದು ತೋರಿಸಲಿಕ್ಕೆ ಲೈಟಿನ ಆಳಿಗೆ ಹೇಳಿ ನನ್ನ ಅಪ್ಪನನ್ನೂ ಕತ್ತಲಲ್ಲಿಟ್ಟ ಎಂದು ಒಳಗೊಳಗೇ ಕುದಿಯುತ್ತಿದ್ದೆ. ಯಾವ ಗುಣಕ್ಕೆ ಒಲಿದಿದ್ದೆನೋ ಅದರ ಮೇಲೇ ಸಿಟ್ಟು. ಕೇಳಲಿಲ್ಲ. ಕೇಳಿದರೆ ಹೌದು ಎಂದುಬಿಟ್ಟಾನು ಎಂದು ಹೆದರಿಕೆ.

ಈ ಸಲ ಬ್ಯಾಡಗಿಗೆ ಹೋದಾಗ ಕಾಕಾ ಹಳೆಯ ಕ್ಯಾಸೆಟ್ಟುಗಳನ್ನೆಲ್ಲ ಪೆನ್‌ಡ್ರೈವಿಗೆ ಹಾಕಿಸಿಟ್ಟಿದ್ದ. ಊಟವಾದ ಮೇಲೆ ನಮ್ಮ ಮದುವೆ ಹಚ್ಚಿದ. ಆ ಜಾಗ ಬಂತು, ಗೋಡೆಯಗಲದ ಹೊಸ ಟಿವಿ ಕಪ್ಪಾಯಿತು. ಮೆಣಸಿನಕಾಯಿಯ ವಾಸನೆ, ಕಾಣದ ಅಪ್ಪ. ನನಗೆ ತಡೆಯಲಾಗಲಿಲ್ಲ, ಗಂಡನ ಕಡೆ ತಿರುಗಿದೆ. "ಅವತ್ತೊಂದು ದಿನಾ ಬೆಳಕು ಬಿಡಿಸಿದ್ದರ ಏನ್ ಗಂಟು ಹೋಗತಿತ್ತ್ರಿ ನಿಮ್ಮದು? ನನ್ನ ಅಪ್ಪನ ಮುಖಾ ನನಗ ಇಲ್ಲದಂಗ ಮಾಡಿದಿರಿ" ಎಂದುಬಿಟ್ಟೆ.

ಇವರು ಗಾಬರಿಯಾಗಿ ನನ್ನನ್ನು ನೋಡಿದರು. "ನಾ ಮಾಡಿದ್ದಲ್ಲ. ನಿಮ್ಮಪ್ಪಾರು ಹೇಳಿದ್ದು."

"ಅಪ್ಪ?"

"ಅಕ್ಕಿಕಾಳಿಗಿಂತ ಮೊದಲ ಆ ಚೀಲಗೋಳ ಹಿಂದ ಕರದರು. 'ಅಳಿಯಂದಿರ, ನಿಮ್ಮ ಅಣ್ಣನ ಮದಿವಿ ಕ್ಯಾಸೆಟ್ ನಾ ನೋಡೇನಿ. ಲೈಟ್ ಹಿಡದಂವಾ ಬೇಕಂತಽ ಇಳಿಸ್ಯಾನ ಅಂತ ಆವತ್ತಽ ತಿಳಕೊಂಡಿದ್ದೆ, ಅಂವಾ ನೀವು ಅಂತ ಆಮ್ಯಾಲೆ ಗೊತ್ತಾತು. ನನ್ನ ಹೊತ್ತಿಗೂ ಇಳಸಾಕ ಹೇಳ್ರಿ. ನನ್ನ ಮಗಳು ಸಂಶೇದಾಕಿ. ನಾ ಅತ್ತದ್ದನ್ನ ತಿರುಗಿಸಿ ತಿರುಗಿಸಿ ನೋಡತಾಳ, ಅಪ್ಪಗ ಈ ಸಂಬಂಧ ಮನಸಿಲ್ಲದಿತ್ತೇನೋ ಅಂತ ಕೊರಗತಾಳ' ಅಂದ್ರು."

"ನನಗ ಯಾಕ ಹೇಳಲಿಲ್ಲ?"

"ನೀ ಕೇಳಲೇ ಇಲ್ಲಲ್ಲ" ಎಂದರು ಇವರು.

ಕಾಕಾನ ಕೈಯಿಂದ ರಿಮೋಟು ಕಸಿದುಕೊಂಡು ಹಿಂದಕ್ಕೆ ತಿರುಗಿಸಿದೆ. ಕಪ್ಪು ತೆರೆ, ಹೊಸ ಚಪ್ಪಲಿ, ಬಳೆ ಸಪ್ಪಳ. ಮೇಲಿಂದ ಮೇಲೆ ಸೀನು. "ಏನಿಲ್ಲ, ಘಾಟು, ಘಾಟು." ಮೆಣಸಿನಕಾಯಿ ಚೀಲದ ಮೇಲೆ ಮಲಗಿ ಎದ್ದವನು, ಹೊರಗಿನವರೆಲ್ಲ ಸೀನುವಾಗ ನಕ್ಕವನು, ಅವನಿಗೆ ಘಾಟು! ಹಾಲು, ಟಪಾಲು, ಬೀಗರು, ಗಂಡ, ಎಲ್ಲವನ್ನೂ ಸಂಶಯದಿಂದ ನೋಡಿದ ನಾನು, ಆ ಸೀನನ್ನು ಮಾತ್ರ ಇಷ್ಟು ವರ್ಷ ಖರೇ ಎಂದೇ ನಂಬಿದ್ದೆ.